ನಲವತ್ತೊಂದರ ನಾಲ್ಕನೆಯ ಸಾಲು

ನಮ್ಮ ಮನೆಯಲ್ಲಿ ಹಾಡುಗಳಿಗೆ ಹೆಸರು ಇರಲಿಲ್ಲ, ನಂಬರು ಇತ್ತು. ಅಮ್ಮ ಅಡುಗೆಯನ್ನು ಆ ನಂಬರುಗಳಲ್ಲೇ ಅಳೆಯುತ್ತಿದ್ದಳು. ಮೊಟ್ಟೆ ಬೇಯಬೇಕಾದರೆ ಏಳನೆಯ ಹಾಡನ್ನು ಎರಡು ಸಲ ಹೇಳಬೇಕು. ಎಸರಿಗೆ ರಾಗಿಹಿಟ್ಟು ಸುರಿದ ಮೇಲೆ ಕೋಲು ಹಾಕುವುದಕ್ಕೆ ಮುಂಚೆ ಹದಿನೇಳನೆಯದನ್ನು ಎಲ್ಲ ಚರಣಗಳ ಸಮೇತ ಮುಗಿಸಬೇಕು. ಒಂದು ಚರಣ ನುಂಗಿದರೂ ಮುದ್ದೆಯಲ್ಲಿ ಗಂಟು ಉಳಿಯುತ್ತದೆ ಎಂದು ಅವಳು ನಂಬಿದ್ದಳು, ನಾನೂ ನಂಬಿದ್ದೆ. ಆ ಮನೆ ಅಜ್ಜಂಪುರದ ಹೊರಗೆ, ರೈಲು ಗೇಟಿನ ಪಕ್ಕ, ರೈಲ್ವೆಯವರು ಕೊಟ್ಟ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ತಗಡಿನ ಪೆಟ್ಟಿಗೆ. ಹಿಂದಿನದು ಅಡುಗೆಮನೆ. ಅದರ ಕಿಟಕಿಯ ಕೆಳಗೆ ಬೀಸುವ ಕಲ್ಲು. ಗಾಡಿ ಹೋಗುವಾಗ ಗೂಡಿನ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಮ್ಮ ಹಾಡುತ್ತಿದ್ದರೆ ಆ ಸದ್ದು ನಿಲ್ಲುವವರೆಗೆ ಒಂದೇ ಸ್ವರವನ್ನು ಹಿಡಿದುಕೊಂಡು ಕಾಯುತ್ತಿದ್ದಳು, ಆಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಬಹಳ ವರ್ಷ ನಾನು ಹಾಡುಗಳೆಂದರೆ ನಡುವೆ ಹಾಗೆ ನಿಂತು ಕಾಯುವಂಥವೇ ಎಂದುಕೊಂಡಿದ್ದೆ.

ಅಪ್ಪ ಗೇಟಿನ ಕಾವಲುಗಾರ. ಗಾಡಿ ಬರುವ ಹೊತ್ತಿಗೆ ಗೇಟು ಹಾಕಿ, ಬಾವುಟವನ್ನೋ ದೀಪವನ್ನೋ ಹಿಡಿದು ನಿಲ್ಲುವುದು, ಹೋದ ಮೇಲೆ ತೆಗೆಯುವುದು. ಒಂದು ಗಾಡಿಗೂ ಇನ್ನೊಂದಕ್ಕೂ ನಡುವೆ ಅವನು ಹಾಡು ಬರೆಯುತ್ತಿದ್ದ. ಕಾಗದದ ಮೇಲಲ್ಲ, ಗೇಟಿನ ಗುಡಿಸಲಿನ ಬಾಗಿಲ ಒಳಮೈ ಮೇಲೆ, ಸುಣ್ಣದ ಕಡ್ಡಿಯಿಂದ. ಮೇಲಿನವರು ತಪಾಸಣೆಗೆ ಬರುವ ಸುದ್ದಿ ಸಿಕ್ಕಿದರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಒರೆಸಿದ ಮೇಲೂ ನೆನಪಿನಲ್ಲಿ ಉಳಿದ ಸಾಲುಗಳನ್ನು ಮಾತ್ರ ಮನೆಗೆ ತಂದು ನೋಟುಬುಕ್ಕಿಗೆ ಇಳಿಸುತ್ತಿದ್ದ. ಉಳಿಯದ್ದು ಕರ್ತನಿಗೆ ಬೇಡವಾಗಿದ್ದು ಎನ್ನುತ್ತಿದ್ದ. ಅವನ ಹಾಡುಗಳಲ್ಲಿ ಬಾಗಿಲು, ದೀಪ, ದೂರದಿಂದ ಬರುವವನು, ಇವೇ ಮತ್ತೆ ಮತ್ತೆ ಬರುತ್ತವೆ. ಕಡೂರಿನ ನಮ್ಮ ಕ್ರೈಸ್ತ ಸಭೆಯವರು ಅದನ್ನೆಲ್ಲ ಸತ್ಯವೇದದಿಂದ ತೆಗೆದ ಮಾತು ಎಂದು ಮೆಚ್ಚುತ್ತಿದ್ದರು. ನನಗೆ ಅದು ನಮ್ಮ ಗೇಟು.

ಆದರೆ ಅಪ್ಪನಿಗೆ ಹಾಡಲು ಬರುತ್ತಿರಲಿಲ್ಲ. ಅವನ ಗಂಟಲಲ್ಲಿ ಎಲ್ಲ ಹಾಡೂ ಒಂದೇ ಹಾಡಾಗುತ್ತಿತ್ತು. ಅವನು ಪದ ತರುತ್ತಿದ್ದ, ಅಮ್ಮ ಅದನ್ನು ಹಾಡುವ ದಾಟಿ ಹಾಕುತ್ತಿದ್ದಳು. ಅವನು ಬೀಸುವ ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಸಾಲು ಓದುತ್ತಿದ್ದ. ಅವಳು ಕೆಲಸ ನಿಲ್ಲಿಸದೆ, ತಲೆ ಎತ್ತದೆ, ಒಂದು ಸಲ ಗುನುಗಿ ನೋಡಿ, ಆಗಲ್ಲ ಎಂದು ತಲೆಯಾಡಿಸಿ, ಇನ್ನೊಂದು ಸಲ ಗುನುಗುತ್ತಿದ್ದಳು. ಪದದಲ್ಲಿ ಒಂದು ಅಕ್ಷರ ಹೆಚ್ಚಿದೆ ಎನಿಸಿದರೆ ಹೇಳುತ್ತಿದ್ದಳು, ಅಪ್ಪ ಮರುಮಾತಿಲ್ಲದೆ ತೆಗೆಯುತ್ತಿದ್ದ. ಅಮ್ಮ ಪಂಚನಹಳ್ಳಿಯ ಒಕ್ಕಲು ಮನೆಯ ಹೆಣ್ಣು. ಅಪ್ಪನನ್ನು ಮದುವೆಯಾಗಿ, ದೀಕ್ಷಾಸ್ನಾನ ತೆಗೆದುಕೊಂಡು ಗಂಗಮ್ಮ ಹೋಗಿ ರೂತಮ್ಮ ಆದ ದಿನದಿಂದ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿತ್ತು. ಅಲ್ಲಿಂದ ಅವಳು ತಂದದ್ದು ಒಂದು ಕಂಚಿನ ಲೋಟ ಮತ್ತು ಗಂಟಲು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಹಾಡನ್ನು ಬರೆದವರೋ ಅವರ ಮನೆಯವರೋ ಮೂರು ಭಾನುವಾರ ಸಭೆಯ ಮುಂದೆ ಹಾಡಬೇಕು; ಅಪ್ಪನ ಪದಗಳನ್ನು ಅಮ್ಮ ಹಾಡುತ್ತಿದ್ದಳು. ಮೂರನೆಯ ಭಾನುವಾರ ಹಿರಿಯರು ಒಪ್ಪಿದರೆ ಅದಕ್ಕೆ ನಂಬರು ಸಿಗುತ್ತಿತ್ತು. ನಂಬರು ಸಿಕ್ಕಿದ ಮೇಲೆ ಬರೆದವನ ಹೆಸರು ಹೇಳುವ ಹಾಗಿಲ್ಲ. ಪುಸ್ತಕದಲ್ಲೂ ಹೆಸರು ಹಾಕುವುದಿಲ್ಲ. ಮಹಿಮೆ ಮನುಷ್ಯರಿಗೆ ಸೇರಬಾರದು ಎನ್ನುವುದು ಅದರ ಹಿಂದಿನ ಅರ್ಥ. ಆದರೂ ಪದ ಬರೆದವನು ಯಾರೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅಪ್ಪನ ಬೆನ್ನು ತಟ್ಟುತ್ತಿದ್ದರು. ದಾಟಿ ಹಾಕಿದವಳ ಬೆನ್ನನ್ನು ಯಾರೂ ತಟ್ಟಿದ್ದನ್ನು ನಾನು ನೋಡಲಿಲ್ಲ.

ನಲವತ್ತೊಂದನೆಯದನ್ನು ಅಪ್ಪ ತಂದದ್ದು ನನಗೆ ಒಂಬತ್ತು ವರ್ಷವಿದ್ದಾಗ. ಪದ ಹೀಗಿತ್ತು:

ಬಾಗಿಲ ಬಳಿಯಲಿ ನಿಂತಿಹ ಕರ್ತನೆ,
ಕೈಯೊಳ ದೀಪವ ತಗ್ಗಿಸಬೇಡ.
ದೂರದ ದಾರಿಗೆ ಹೋದವ ಬರುವನು,
ಒಳಗಿನ ಒಲೆಯನು ಆರಿಸಬೇಡ.

ಮೊದಲ ಮೂರು ಸಾಲು ಅಮ್ಮನಿಗೆ ಅದೇ ಸಂಜೆ ಕೂಡಿಬಂದವು. ಅವಳು ರಾಗಿ ಬೀಸುತ್ತಿದ್ದಳು. ಹಾಡುತ್ತ ಹಾಡುತ್ತ ನಕ್ಕು, ನನ್ನ ಕಡೆ ತಿರುಗಿ ಹೇಳಿದಳು:

"ಇದು ನಮ್ಮವ್ವ ಬೀಸೋವಾಗ ಅಂತರಘಟ್ಟೆ ಅಮ್ಮಂಗೆ ಹೇಳ್ತಿದ್ದ ಪದದ ದಾಟಿ ಕಣೇ. ಕೈ ಕಲ್ಲಿನ ಮೇಲೈತಲ್ಲ, ಅದೇ ಕರ್ಕೊಂಡ್ ಬಂತು."

ಅಂತರಘಟ್ಟೆ ಅಮ್ಮ ಅವಳ ತವರಿನವರು ನಡೆದುಕೊಳ್ಳುವ ದೇವತೆ. ನಾಲ್ಕನೆಯ ಸಾಲು ಮಾತ್ರ ಬರಲಿಲ್ಲ. ಅಪ್ಪ ಪ್ರತಿದಿನ ಊಟಕ್ಕೆ ಬಂದಾಗ ಕೇಳುತ್ತಿದ್ದ.

"ಏನೇ, ನಾಲ್ಕನೇದು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗ್ಬಾರ್ದು ಕಣ್ರೀ. ಮೂರೂ ಹೊರಗೇ ತಿರುಗಾಡಿ ಬಂದವೆ, ಸುಸ್ತಾಗವೆ. ಇದು ಮನೆಗೆ ಬಂದು ಕೂತ್ಕೋಬೇಕು. ಕೂರಕ್ಕೆ ಜಾಗ ಹುಡುಕ್ತಾ ಇವ್ನಿ."

"ಅಷ್ಟೊತ್ತಿಗೆ ಕರ್ತನೇ ಎರಡನೇ ಸಲ ಬಂದ್ಬಿಡ್ತಾನೆ."

"ಬರ್ಲಿ. ಅವ್ನಿಗೂ ಒಂದು ಮುದ್ದೆ ಹಾಕ್ತೀನಿ."

ಆರನೆಯ ದಿನವೋ ಏಳನೆಯ ದಿನವೋ, ಮಧ್ಯಾಹ್ನ, ಅವಳು ಮುದ್ದೆ ತಿರುವುತ್ತಿದ್ದಾಗ ಅದು ಬಂತು. ಹುರುಳಿಸಾರಿನ ಘಾಟು ಮನೆಯೆಲ್ಲ ತುಂಬಿತ್ತು. ಅವಳು ನಾಲ್ಕೂ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಯ ಸಾಲಿನಲ್ಲಿ ಕೋಲು ಹಿಡಿದ ಕೈ ನಿಧಾನವಾಗಿ ಕೆಳಗಿಳಿದು ಪಾತ್ರೆಯ ಅಂಚಿನ ಮೇಲೆ ನಿಂತಿತು. ಅಪ್ಪ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತುಬಿಟ್ಟ. ತುತ್ತು ಮುರಿಯಲಿಲ್ಲ. ಅವನ ಬೆರಳಿಗೆ ಅಂಟಿದ್ದ ಮುದ್ದೆ ಒಣಗುತ್ತ ಬಂದದ್ದು ನನಗೆ ಈಗಲೂ ಕಾಣುತ್ತದೆ. ಆ ಕೈ ಕಾಣುತ್ತದೆ, ಕೋಲು ಕಾಣುತ್ತದೆ. ಏನು ಕೇಳಿಸಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೂರು ಭಾನುವಾರ ಕಳೆದು ಅದಕ್ಕೆ ನಂಬರು ಸಿಕ್ಕಿತು. ಅದೇ ವರ್ಷ ಸಭೆಯವರು ನಲವತ್ತೆರಡು ಹಾಡುಗಳನ್ನು ಸೇರಿಸಿ ಕಡೂರಿನಲ್ಲಿ ಪುಸ್ತಕ ಅಚ್ಚು ಹಾಕಿಸಿದರು. ನಲವತ್ತೊಂದನ್ನು ಜನ ಪ್ರತಿ ವಾರ ಕೇಳಿ ಹಾಡಿಸುತ್ತಿದ್ದರು. ನಾವು ಬೆಳಗಿನ ಪ್ಯಾಸೆಂಜರಿನಲ್ಲಿ ಬೀರೂರು ದಾಟಿ ಕಡೂರಿಗೆ ಹೋಗಿ, ಸ್ಟೇಷನ್ನಿನಿಂದ ನಡೆದು, ಹೆಂಚಿನ ಮಾಡಿನ ಆ ಸಭಾಮನೆಗೆ ಸೇರುವಷ್ಟರಲ್ಲಿ ಯಾರಾದರೂ ಅದನ್ನು ಗುನುಗುತ್ತಿರುತ್ತಿದ್ದರು. ಒಂದು ಭಾನುವಾರ ಸಭೆಯ ಹಿರಿಯರಾದ ಜಯರತ್ನಪ್ಪನವರು ಎಲ್ಲರ ಮುಂದೆ ಅಪ್ಪನನ್ನು ಕೇಳಿದರು:

"ಬ್ರದರ್, ಇಂಥ ದಾಟಿ ನಿಮಗೆ ಎಲ್ಲಿಂದ ಬಂತು?"

ಅಪ್ಪ ಎದ್ದು ನಿಂತು, ಬಟ್ಟೆಯ ಟೋಪಿಯನ್ನು ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಹೇಳಿದ:

"ಕರ್ತನೇ ಕೊಟ್ಟ ಅಯ್ಯಾ."

ನಾನು ಹೆಂಗಸರ ಚಾಪೆಯ ಮೇಲೆ ಅಮ್ಮನ ಪಕ್ಕ ಕೂತಿದ್ದೆ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅವಳಿಗೆ ಬೇಸರವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಸರವಾಗಿದೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ಅದಾದ ಮೇಲೆ ಸಾಕ್ಷಿಯ ಹೊತ್ತು. ನಮ್ಮಲ್ಲಿ ಯಾರು ಬೇಕಾದರೂ ಎದ್ದು, ತಮ್ಮ ಬದುಕಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಬಹುದು. ಮಕ್ಕಳು ಹೇಳಿದರೆ ಹಿರಿಯರಿಗೆ ಹೆಚ್ಚು ಸಂತೋಷ. ಅಪ್ಪ ನನಗೆ ಕಲಿಸಿದ್ದ: ಕಂಡಿದ್ದನ್ನ ಕಂಡಷ್ಟೇ ಹೇಳ್ಬೇಕು, ಗಾಡಿ ಬಂದ ಹೊತ್ತನ್ನ ಬರೆದ ಹಾಗೆ. ನಾನು ಎದ್ದೆ.

"ನನ್ನ ಹೆಸರು ಎಸ್ತರ್. ನಾನು ಒಂದು ಸಾಕ್ಷಿ ಹೇಳ್ತೀನಿ. ನಲವತ್ತೊಂದರ ದಾಟಿ ನಮ್ಮಪ್ಪಂಗೆ ಬಂದಿದ್ದಲ್ಲ. ನಮ್ಮಮ್ಮ ಹಾಕಿದ್ದು. ಅದು ನಮ್ಮಜ್ಜಿ ರಾಗಿ ಬೀಸೋವಾಗ ಅಂತರಘಟ್ಟೆ ಅಮ್ಮಂಗೆ ಹೇಳ್ತಿದ್ದ ಪದ. ದೇವರಿಗೆ ಸ್ತೋತ್ರ."

ಸಾಕ್ಷಿ ಮುಗಿದ ಮೇಲೆ ಎಲ್ಲರೂ ಆಮೆನ್ ಎನ್ನಬೇಕು. ಆ ದಿನ ಯಾರೂ ಅನ್ನಲಿಲ್ಲ. ಕಿವಿ ಕೇಳದ ಒಬ್ಬ ಮುದುಕಿ ಮಾತ್ರ ನನ್ನ ತುಟಿ ನಿಂತದ್ದನ್ನು ನೋಡಿ, ಗಟ್ಟಿಯಾಗಿ ಒಬ್ಬಳೇ "ಆಮೆನ್" ಎಂದಳು.

ಆ ವಾರವೇ ಜಯರತ್ನಪ್ಪನವರು ನಮ್ಮ ಮನೆಗೆ ಬಂದರು. ಅವರು ಕೆಟ್ಟವರಲ್ಲ ಎಂದು ಇಲ್ಲಿ ಬರೆಯಬೇಕು. ನನಗೆ ಓದಲು ಕಲಿಸಿದ್ದು ಅವರೇ, ಆ ದಿನವೂ ನನಗೆ ಬೆಲ್ಲದ ಮಿಠಾಯಿ ತಂದಿದ್ದರು. ಮಂಚದ ತುದಿಯಲ್ಲಿ ಕೂತು, ಅಮ್ಮ ಕೊಟ್ಟ ಚಹಾವನ್ನು ಕುಡಿಯದೆ ಪಕ್ಕಕ್ಕಿಟ್ಟು ಮಾತು ತೆಗೆದರು.

"ಬ್ರದರ್, ನಮ್ಮ ಜನ ಎಷ್ಟು ಕಷ್ಟಪಟ್ಟು ಹಳೇ ದೇವರುಗಳನ್ನ ಬಿಟ್ಟು ಬಂದೋರು ಅನ್ನೋದು ನಿಮಗೆ ಗೊತ್ತು. ಹೊಸದಾಗಿ ಬಂದೋರು ಆ ದಾಟಿ ಕೇಳಿದ್ರೆ ಕಾಲು ತಾನಾಗೇ ವಾಪಸ್ಸು ಹೋಗುತ್ತೆ. ಮನುಷ್ಯನಿಗೆ ದೀಕ್ಷಾಸ್ನಾನ ಕೊಡಬಹುದು. ದಾಟಿಗೆ ಕೊಡೋಕಾಗುತ್ತಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು:

"ನಂಗೆ ಕೊಟ್ರಲ್ಲ ಅಯ್ಯಾ, ಅವಾಗ ಗಂಟಲು ಒಂದನ್ನ ನೀರಿಂದ ಆಚೆ ಇಟ್ಟಿದ್ರಾ?"

"ಸಿಸ್ಟರ್, ನಾನು ನಿಮ್ಮನ್ನ ಅನ್ತಿಲ್ಲ."

"ಅನ್ನಿ. ನಾನೂ ಒಂದು ಅಂತೀನಿ. ನಾಲ್ಕನೇ ಸಾಲು ಮಾತ್ರ..."

"ರೂತ್, ಸುಮ್ನಿರು," ಎಂದ ಅಪ್ಪ.

ಅವನು ಅವಳನ್ನು ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅವಳು ಯಾವಾಗಲೂ "ಏನೇ", ಇಲ್ಲವೆ "ಗಂಗಿ". ಅಮ್ಮ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಮಾತು ಅರ್ಧಕ್ಕೆ ನಿಂತದ್ದು ನನಗೆ ಗೊತ್ತಾಯಿತು, ಆದರೆ ಉಳಿದರ್ಧ ಏನೆಂದು ನಾನು ಕೇಳಲಿಲ್ಲ. ಆ ದಿನವೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಹಿರಿಯರು ಪುಸ್ತಕದಿಂದ ಆ ಹಾಡನ್ನು ತೆಗೆಯಲು ತೀರ್ಮಾನಿಸಿದರು. ಹಾಳೆ ಹರಿಯುವ ಹಾಗಿರಲಿಲ್ಲ, ಅದರ ಬೆನ್ನಿಗೆ ನಲವತ್ತನೆಯ ಹಾಡು ಇತ್ತು. ಅದಕ್ಕೆ ಬಿಳಿ ಕಾಗದ ಅಂಟಿಸಬೇಕೆಂದಾಯಿತು. ಸಭೆಯ ಪುಸ್ತಕಗಳನ್ನೆಲ್ಲ ಎರಡು ಚೀಲದಲ್ಲಿ ತುಂಬಿ ಅಪ್ಪನ ಕೈಗೇ ಕೊಟ್ಟರು. ಬರೆದವರೇ ಮುಚ್ಚಿದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ ಎಂದು ಹೇಳಿದರಂತೆ. ಒಂದು ಶನಿವಾರ ಬೆಳಿಗ್ಗೆ ಅಮ್ಮ ಒಲೆಯ ಮೇಲೆ ಮೈದಾ ಹಿಟ್ಟಿನ ಗಂಜಿ ಕಾಯಿಸಿದಳು. ಅಂಟು ಗಂಟಾಗಬಾರದೆಂದು ಬಿಡದೆ ತಿರುವಿದಳು. ಇರುವೆ ಹತ್ತಬಾರದೆಂದು ಸ್ವಲ್ಪ ಮೈಲುತುತ್ತ ಹಾಕಿದಳು. ಆ ಕೆಲಸವನ್ನೂ ಅವಳು ಚೆನ್ನಾಗಿಯೇ ಮಾಡಿದಳು. ಮುಂದಿನ ಕೋಣೆಯಲ್ಲಿ ಅಪ್ಪ ಅಳತೆಗೆ ಕಾಗದ ಕತ್ತರಿಸಿದ. ಅಂಟಿಸುವ ಕೆಲಸ ನನ್ನದು, ಏಕೆಂದರೆ ನನ್ನ ಬೆರಳು ಸಣ್ಣವು, ಅಂಚು ನೇರವಾಗಿ ಕೂರುತ್ತಿತ್ತು. ನಾನು ಒಂದೊಂದೇ ಪುಸ್ತಕ ತೆಗೆದು, ನಲವತ್ತೊಂದನ್ನು ಬಿಚ್ಚಿ, ಅಂಟು ಸವರಿ, ಕಾಗದ ಇಟ್ಟು, ಅಂಗೈಯಿಂದ ಒತ್ತಿದೆ. ಮೊದಲು ಮೂರು ಸಾಲು ಮುಚ್ಚುತ್ತಿತ್ತು, ಕೊನೆಗೆ ನಾಲ್ಕನೆಯದು. ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಗಾಡಿ ಬಂತು. ತಟ್ಟೆಗಳು ಸದ್ದು ಮಾಡಿದವು. ಅಮ್ಮ ಏನನ್ನೂ ಹಾಡುತ್ತಿರಲಿಲ್ಲವಾದ್ದರಿಂದ ಆ ಸದ್ದು ಎಷ್ಟು ಹೊತ್ತು ಇರುತ್ತದೆ ಎನ್ನುವುದು ನನಗೆ ಆಗ ಮೊದಲ ಸಲ ತಿಳಿಯಿತು.

ಅಮ್ಮ ಜಗಳವಾಡಲಿಲ್ಲ. ಹಾಡಲೂ ಇಲ್ಲ. ಸಭೆಯಲ್ಲಿ ಪುಸ್ತಕ ತೆರೆದು ಹಿಡಿದುಕೊಳ್ಳುತ್ತಿದ್ದಳು, ತುಟಿ ಅಲುಗಿಸುತ್ತಿರಲಿಲ್ಲ. ಅಪ್ಪ ಹೊಸ ಪದ ತಂದು ಕಲ್ಲಿನ ಪಕ್ಕ ಕೂತರೆ, "ಸಭೆ ಒಪ್ಪೋ ದಾಟಿ ನಂಗೆ ಗೊತ್ತಿಲ್ಲ ಕಣ್ರೀ, ಅವ್ರನ್ನೇ ಕೇಳಿ" ಎಂದು ಎದ್ದು ಹೋಗುತ್ತಿದ್ದಳು. ಅವನು ಕೆಲವು ದಿನ ಹಳೆಯ ದಾಟಿಗಳಿಗೆ ಹೊಸ ಪದ ಕೂಡಿಸಿದ. ಆಮೇಲೆ ಗೇಟಿನ ಗುಡಿಸಲಿನ ಬಾಗಿಲಲ್ಲಿ ಗಾಡಿಗಳ ಹೊತ್ತು ಬಿಟ್ಟು ಬೇರೆ ಏನೂ ಕಾಣಿಸಲಿಲ್ಲ. ಅಡುಗೆಗೆ ಅಮ್ಮ ಹಾಡಿನ ಬದಲು ಎಣಿಕೆ ಹಿಡಿದಳು. ಒಂದು, ಎರಡು, ಮೂರು ಎಂದು ಉಸಿರಿನಲ್ಲೇ ಎಣಿಸುತ್ತ ಮೊಟ್ಟೆ ಬೇಯಿಸುತ್ತಿದ್ದಳು. ಮುದ್ದೆಯಲ್ಲಿ ಗಂಟು ಉಳಿಯಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದಿತು. ನನ್ನನ್ನು ಯಾರೂ ಬೈಯಲಿಲ್ಲ. ಒಂದು ದಿನ ನಾನಾಗಿಯೇ ಅತ್ತಾಗ ಅಮ್ಮ ನನ್ನ ಜಡೆ ಹೆಣೆಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ನೀ ಸುಳ್ಳು ಹೇಳ್ಲಿಲ್ಲ ಕಣೇ. ಅಳ್ಬೇಡ."

ಆಮೇಲಿನದನ್ನು ಬೇಗ ಹೇಳುತ್ತೇನೆ. ಅಪ್ಪ ಕೆಲಸದಲ್ಲಿರುವಾಗಲೇ ತೀರಿಕೊಂಡ. ನಾನು ನರ್ಸಾಗಿ ತರೀಕೆರೆಗೆ ಬಂದೆ, ಅಮ್ಮನನ್ನು ಕರೆದುಕೊಂಡು ಬಂದೆ. ನನ್ನ ತಲೆ ಬೆಳ್ಳಗಾಗುವವರೆಗೂ ಅವಳು ನನ್ನ ಜೊತೆಯಲ್ಲೇ ಇದ್ದಳು. ನಾನೂ ಹಾಡುವವಳಾಗಲಿಲ್ಲ. ರೋಗಿಯ ಮಂಚದ ಪಕ್ಕ ನಿಂತು ಏನು ಕಂಡಿತು, ಎಷ್ಟು ಹೊತ್ತಿಗೆ ಕಂಡಿತು ಎಂದು ಬರೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಆದರೆ ಬರೆದ ಮೇಲೆ ಮೂರು ಸಲ ಓದುತ್ತಿದ್ದೆ, ಏನೋ ಬಿಟ್ಟಿದ್ದೇನೆ ಎಂಬ ಅನುಮಾನ ಹೋಗುತ್ತಿರಲಿಲ್ಲ. ಹೋದ ವರ್ಷ ಅಮ್ಮ ಹಾಸಿಗೆ ಹಿಡಿದಾಗ ಒಂದು ಬೆಳಿಗ್ಗೆ, ಗಂಜಿ ಕುಡಿಸುತ್ತ, ಧೈರ್ಯ ಮಾಡಿ ಕೇಳಿದೆ.

"ಅಮ್ಮ, ನಲವತ್ತೊಂದು ಒಂದ್ಸಲ ಹೇಳಮ್ಮ."

ಅವಳು ನನ್ನನ್ನು ನೋಡಿ ಬಾಯಿ ತುಂಬ ನಕ್ಕಳು.

"ಅದನ್ನ ನೀನೇ ಅಂಟಿಸಿದ್ಯಲ್ಲೇ."

ಬೇಕೆಂದೇ ಚುಚ್ಚಿದಳೋ, ತಮಾಷೆ ಮಾಡಿದಳೋ, ಇಲ್ಲ ಅಷ್ಟು ಮಾತ್ರ ಅವಳ ನೆನಪಿನಲ್ಲಿ ಉಳಿದಿತ್ತೋ ನಾನು ಹೇಳಲಾರೆ. ಮತ್ತೆ ಕೇಳದೆ ಉಳಿದ ಗಂಜಿ ಕುಡಿಸಿದೆ. ಹದಿನೈದು ದಿನಕ್ಕೆ ಅವಳು ಹೋದಳು.

ಮಣ್ಣಿಗೆ ಪಂಚನಹಳ್ಳಿಯಿಂದ ಅವಳ ತಂಗಿ ಸಿದ್ದಮ್ಮ ಬಂದಿದ್ದಳು. ಅಮ್ಮನ ಕಡೆಯವರಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಮೊಮ್ಮಗನ ಸ್ಕೂಟರಿನ ಹಿಂದೆ ಕೂತು ಬಂದು, ಸಮಾಧಿಯ ಪ್ರಾರ್ಥನೆ ಮುಗಿಯುವವರೆಗೆ ಕಾಂಪೌಂಡಿನ ಆಚೆ ನಿಂತಿದ್ದಳು. ನಾನೇ ಹೋಗಿ ಕೈ ಹಿಡಿದು ಮನೆಗೆ ಕರೆತಂದೆ. ಎರಡು ದಿನ ಉಳಿದಳು. ಎರಡನೆಯ ದಿನ ನಾನು ಅಮ್ಮನ ಪೆಟ್ಟಿಗೆಯಿಂದ ಆ ಹಳೆಯ ಪುಸ್ತಕವನ್ನು ತೆಗೆದೆ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಹಬೆಗೆ ಹಾಳೆ ಹಿಡಿದೆ. ಅಮ್ಮ ಕಾಯಿಸಿದ ಅಂಟು ಗಟ್ಟಿ. ಬಹಳ ಹೊತ್ತು ಹಿಡಿಯಬೇಕಾಯಿತು. ಕಾಗದ ಬಿಟ್ಟುಕೊಂಡಾಗ ಅಕ್ಷರಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಆದರೆ ನಾಲ್ಕು ಸಾಲೂ ಇದ್ದವು.

"ಏನವ್ವಾ ಅದು?" ಎಂದಳು ಚಿಕ್ಕಮ್ಮ.

ಓದಿ ಹೇಳಿದೆ. ಈ ಪದಕ್ಕೆ ಅಜ್ಜಿಯ ದಾಟಿ ಇತ್ತು, ಅಂತರಘಟ್ಟೆ ಅಮ್ಮನ ಮೇಲೆ ಅಜ್ಜಿ ಹೇಳುತ್ತಿದ್ದದ್ದು, ನನಗೆ ಅದು ಮರೆತುಹೋಗಿದೆ ಎಂದೆ. ನಿಜವಾಗಿ ಮರೆತಿದ್ದೆ. ಒಂಬತ್ತನೆಯ ವಯಸ್ಸಿನಲ್ಲಿ, ಅದನ್ನು ಇನ್ನು ಗುನುಗಬಾರದು ಎಂದು ಹಿರಿಯರು ಹೇಳಿದ ದಿನದಿಂದ, ನಾನು ಅಷ್ಟು ವಿಧೇಯಳಾಗಿ ಮರೆತಿದ್ದೆ. ಅಮ್ಮನ ಕೈ ಇಳಿದದ್ದು ಉಳಿದಿತ್ತು. ದನಿ ಉಳಿದಿರಲಿಲ್ಲ.

"ಅಯ್ಯೋ, ಅದಾ? ಅದನ್ನ ನಾನ್ ಈಗ್ಲೂ ಹೇಳ್ತೀನಿ. ಕಲ್ಲಿಲ್ಲ ಅಷ್ಟೆ, ಮಿಲ್ಲಿಗೆ ಕಳಿಸ್ತೀವಿ," ಎಂದು ಚಿಕ್ಕಮ್ಮ ಕಾಲು ಚಾಚಿ ಕೂತು, ಬಲಗೈಯನ್ನು ಗಾಳಿಯಲ್ಲಿ ಕಲ್ಲು ತಿರುಗಿಸಿದ ಹಾಗೆ ತಿರುಗಿಸುತ್ತ ಹಾಡಿದಳು:

ದೂರದ ಊರಿಂದ ಬಂದೇನೆ ನನ್ನಮ್ಮ,
ಬಾಗಿಲ ತೆಗೆಯೆ ಬೆಳಕಾಗಿ, ನಾ ತಂದ
ಹೂವಿನ ಕುಕ್ಕೆ ಇಳುಕಮ್ಮ.

ಮೊದಲ ಸಾಲಿಗೇ ನನಗೆ ಗುರುತು ಸಿಕ್ಕಿತು. ಹಾಳೆ ಹಿಡಿದುಕೊಂಡು ಅಪ್ಪನ ಪದವನ್ನು ಅವಳ ದನಿಯ ಹಿಂದೆ ಹಿಂದೆಯೇ ಕೂಡಿಸುತ್ತ ಹೋದೆ. ಬಾಗಿಲ ಬಳಿ ಬಂತು, ಕೈಯ ದೀಪ ಬಂತು, ದೂರದ ದಾರಿ ಬಂತು. ಅಷ್ಟಕ್ಕೆ ಚಿಕ್ಕಮ್ಮ ಮತ್ತೆ ಮೊದಲಿಗೆ ಹೋದಳು.

"ಮುಂದಿನ ಸಾಲು ಚಿಕ್ಕಮ್ಮ?"

"ಮುಂದೆಲ್ಲೈತೆ? ಅಷ್ಟೇಯಾ."

"ನಾಲ್ಕನೇದು ಇತ್ತು. ಅಮ್ಮ ಹೇಳ್ತಿದ್ಳು."

"ಬೀಸೋ ಪದಕ್ಕೆ ಮೂರೇ ಸಾಲು ಕಣವ್ವ. ಕಲ್ಲು ತಿರುಗ್ತಾನೇ ಇರ್ತದೆ, ನಿಲ್ಸಕ್ಕೆ ಸಾಲ್ಯಾಕೆ ಬೇಕು? ನಾಲ್ಕನೇದು ಇತ್ತು ಅಂದ್ರೆ ಅದು ನಮ್ಮಕ್ಕಂದೇ ಇರ್ಬೇಕು."

ನಾನು ಒದ್ದೆ ಹಾಳೆಯನ್ನು ಒಲೆಯ ಪಕ್ಕದಲ್ಲಿ ಹರಡಿದೆ. ಮಂಚದ ತುದಿಯಲ್ಲಿ ಕೂತ ಹಿರಿಯರು, ಬಾಗಿಲಲ್ಲಿ ನಿಂತ ಅಮ್ಮ, ಅರ್ಧಕ್ಕೆ ನಿಂತ ಅವಳ ಮಾತು ನೆನಪಾದವು. ನಾನು ಸುಳ್ಳು ಹೇಳಿರಲಿಲ್ಲ. ನಾಲ್ಕರಲ್ಲಿ ಮೂರು ಸಾಲಿನ ಸಾಕ್ಷಿ ಹೇಳಿ ಕೂತಿದ್ದೆ.

ಮುಂದಿನ ಭಾನುವಾರ ಕಡೂರಿಗೆ ಹೋದೆ. ಹೆಂಚಿನ ಮಾಡು ಹೋಗಿ ತಾರಸಿ ಬಂದಿದೆ. ಆ ಕಾಲದವರು ಯಾರೂ ಇಲ್ಲ. ಹಾಡುಗಳು ಗೋಡೆಯ ಮೇಲೆ ಬೆಳಕಿನಲ್ಲಿ ಬರುತ್ತವೆ, ನಂಬರು ಇಲ್ಲ. ಸಾಕ್ಷಿಯ ಹೊತ್ತು ಮಾತ್ರ ಉಳಿದಿದೆ. ನಾನು ಎದ್ದು ನಿಂತು, ಒಂಬತ್ತು ವರ್ಷದವಳಿದ್ದಾಗ ಇದೇ ಜಾಗದಲ್ಲಿ ಒಂದು ಸಾಕ್ಷಿ ಹೇಳಿದ್ದೆ, ಅದರಲ್ಲಿ ಒಂದು ಸಾಲು ಬಿಟ್ಟಿದ್ದೆ, ಅದನ್ನು ಸೇರಿಸಲು ಬಂದಿದ್ದೇನೆ ಎಂದೆ. ನಲವತ್ತೊಂದನೆಯ ಹಾಡಿನ ಮೂರು ಸಾಲಿನ ದಾಟಿ ನಮ್ಮಜ್ಜಿಯದು, ನಾಲ್ಕನೆಯದು ನಮ್ಮಮ್ಮ ಗಂಗಮ್ಮ ಎಂಬ ರೂತಮ್ಮನದು ಎಂದೆ. ಮೂರು ಸಾಲನ್ನು ನನಗೆ ಬಂದಷ್ಟು ಹಾಡಿದೆ. ನಾಲ್ಕನೆಯದಕ್ಕೆ ಬಂದಾಗ ನಿಂತೆ. ಗಾಡಿ ಹೋಗುವವರೆಗೆ ಅಮ್ಮ ನಿಲ್ಲುತ್ತಿದ್ದಷ್ಟು ಹೊತ್ತು ನಿಂತೆ. ಏನೂ ಬರಲಿಲ್ಲ. ಆಮೇಲೆ ಆ ಸಾಲನ್ನು ಓದಿದೆ, ಕಾಗದದಲ್ಲಿ ಇದ್ದ ಹಾಗೆ, ದಾಟಿಯಿಲ್ಲದೆ.

ಎಲ್ಲರೂ ಆಮೆನ್ ಎಂದರು. ಕೀಬೋರ್ಡ್ ನುಡಿಸುವ ಪಾಸ್ಟರ ಹೆಂಡತಿ, ಒಳ್ಳೆಯ ಹುಡುಗಿ, ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದಳು.

"ಆಂಟಿ, ಪದ ತುಂಬ ಚೆನ್ನಾಗಿದೆ. ಆ ಲಾಸ್ಟ್ ಲೈನಿಗೆ ನಾನೊಂದು ಟ್ಯೂನ್ ಹಾಕ್ಲಾ? ಐದು ನಿಮಿಷ ಸಾಕು."

"ಬೇಡ ಕಣಮ್ಮ," ಎಂದೆ. "ಅದಕ್ಕೆ ಒಂದು ಇದೆ."